ಅಂಗವೈಕಲ್ಯವೂ ಬಾಳಿನ ನೆಮ್ಮದಿಯೂ

೧

ಇತರರ ಸುಖದುಃಖಗಳನ್ನು ಅಳೆಯುವುದಕ್ಕೆ ನಮ್ಮಲ್ಲಿರುವ ಮಾನದಂಡವು ಒಂದೇ. ಅದು ನಮ್ಮ ಸ್ವಂತ ಸುಖದುಃಖ. ‘ಆ ಸ್ಥಿತಿಯಲ್ಲಿ ನಾನಿದ್ದರೆ ಹೇಗಿರುತ್ತಿದ್ದೆನು?’ ಎಂದು ಕೇಳಿಕೊಳ್ಳುತ್ತೇವೆ. ಬಂದ ಉತ್ತರವನ್ನು ಎದುರಿಗಿರುವವನ ಹಣೆಗೆ ಅಂಟಿಸುತ್ತೇವೆ. ಸಣ್ಣಪುಟ್ಟ ವಿಷಯಗಳಲ್ಲಿ ಈ ಕ್ರಮದಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಕಾಲಿಲ್ಲದವನ, ಕೈಯಿಲ್ಲದವನ, ಬೆನ್ನೆಲುಬು ಮುರಿದು ಹಾಸಿಗೆ ಹಿಡಿದವನ ಬಾಳು ಬಾಳುವುದಕ್ಕೆ ತಕ್ಕುದೋ ಅಲ್ಲವೋ ಎಂಬ ತೀರ್ಪನ್ನು ಇದೇ ಮಾನದಂಡದಿಂದ ಕೊಡತೊಡಗಿದರೆ, ಅದು ಬರಿಯ ಅವಿವೇಕವಾಗಿ ಉಳಿಯದೆ ಅನ್ಯಾಯವಾಗಿ ಪರಿಣಮಿಸುತ್ತದೆ. ಅಂಥ ತೀರ್ಪನ್ನು ಒಮ್ಮೆ ಕೊಟ್ಟವರಲ್ಲಿ ಈ ಲೇಖಕನೂ ಒಬ್ಬನು. ಆದಕಾರಣ ಆ ಸಂಗತಿಯಿಂದಲೇ ಆರಂಭಿಸುವುದು ಉಚಿತವೆಂದು ತೋರುತ್ತದೆ.

ನಮ್ಮದು ಮಲೆನಾಡಿನ ಸೆರಗಿನ, ಅಡಕೆಯ ತೋಟಗಳ ಊರು. ಅಲ್ಲಿ ಕೊನೆಗಾರನೊಬ್ಬನಿದ್ದನು. ಒಂದು ಮರದ ತುದಿಯಿಂದ ಇನ್ನೊಂದು ಮರದ ತುದಿಗೆ ಜೀಕಿಕೊಂಡು, ನಡುವೆ ನೆಲಕ್ಕಿಳಿಯದೆ ಇಡಿಯ ಸಾಲನ್ನು ಮುಗಿಸುವ ಚಾತುರ್ಯ ಅವನದು. ಒಂದು ಮಳೆಗಾಲ, ಕೊಳೆರೋಗಕ್ಕೆ ಔಷಧವನ್ನು ಸಿಂಪಡಿಸಲು ಏರಿದ್ದಾಗ, ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದನು. ಪ್ರಾಣವುಳಿಯಿತು, ಸೊಂಟದ ಕೆಳಗಿನ ಸ್ವಾಧೀನವು ಹೋಯಿತು. ಪಟ್ಟಣದ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನಾನೂ ನೋಡಲು ಹೋದೆನು. ಜಗಲಿಯ ಮೇಲೆ ಮಂಚ. ಮಂಚದ ಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ ಮನುಷ್ಯ. ಲೋಕರೂಢಿಯ ನಾಲ್ಕು ಸಮಾಧಾನದ ಮಾತುಗಳನ್ನಾಡಿ, ಅಂಗಳಕ್ಕಿಳಿದು, ಸಂಗಡ ಬಂದಿದ್ದ ಮಿತ್ರರಿಗೆ, ‘ಇದಕ್ಕಿಂತ ಅಂದೇ ಹೋಗಿಬಿಟ್ಟಿದ್ದರೆ ಪುಣ್ಯವಾಗುತ್ತಿತ್ತು’ ಎಂದೆನು. ಅದನ್ನು ನಾನು ಕರುಣೆಯೆಂದೇ ತಿಳಿದಿದ್ದೆನು. ಆ ಮಾತು ಜಗಲಿಯ ವರೆಗೆ ಕೇಳಿಸಿತ್ತೆಂಬುದು ನನಗೆ ಗೊತ್ತಾದದ್ದು ಹನ್ನೊಂದು ವರ್ಷಗಳ ಅನಂತರ.

ಅಂದಿನಿಂದ ಮೂರು ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ಅಂಗವಿಕಲನಾದ ಮನುಷ್ಯನ ನೆಮ್ಮದಿಯು ಯಾವುದರ ಮೇಲೆ ನಿಂತಿದೆ? ಅದನ್ನು ನಿರ್ಣಯಿಸಲು ಅಧಿಕಾರಿಗಳು ಯಾರು? ಅವನು ನೆಮ್ಮದಿಯಿಂದಿದ್ದಾನೆಂದು ಸಿದ್ಧವಾದರೆ ಉಳಿದವರ ಕರ್ತವ್ಯವು ಅಲ್ಲಿಗೆ ಮುಗಿಯಿತೆ? ಈ ಮೂರನ್ನೂ ಕ್ರಮವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಮೊದಲ ಪ್ರಶ್ನೆಯನ್ನು ಊಹೆಗೆ ಬಿಡದೆ, ಸಂಬಂಧಪಟ್ಟವರನ್ನೇ ಕೇಳಿ ನೋಡಿದ ವಿದ್ವಾಂಸರುಂಟು. ೧೯೭೮ರಲ್ಲಿ ಅಮೆರಿಕದಲ್ಲಿ ಬ್ರಿಕ್‌ಮನ್ ಎಂಬ ಮನಶ್ಶಾಸ್ತ್ರಜ್ಞನೂ ಅವನ ಇಬ್ಬರು ಸಹೋದ್ಯೋಗಿಗಳೂ ಒಂದು ಶೋಧನೆಯನ್ನು ಪ್ರಕಟಿಸಿದರು. ಲಾಟರಿಯಲ್ಲಿ ದೊಡ್ಡ ಮೊತ್ತವನ್ನು ಗೆದ್ದ ೨೨ ಮಂದಿ, ಅಪಘಾತದಲ್ಲಿ ಅಂಗಗಳ ಸ್ವಾಧೀನವನ್ನು ಕಳೆದುಕೊಂಡ ೨೯ ಮಂದಿ, ಇವೆರಡೂ ಸಂಭವಿಸದ ಸಾಮಾನ್ಯರು ೨೨ ಮಂದಿ — ಇವರೆಲ್ಲರನ್ನೂ, ‘ಈಗ ನೀವು ಎಷ್ಟು ಸುಖಿಗಳು?’ ಎಂದು ಕೇಳಿ, ಸೊನ್ನೆಯಿಂದ ಐದರ ವರೆಗೆ ಅಂಕಗಳನ್ನು ಕೊಡಿಸಿದರು. ಗೆದ್ದವರ ಸರಾಸರಿ ೪.೦೦, ಸಾಮಾನ್ಯರದು ೩.೮೨, ಅಪಘಾತಕ್ಕೀಡಾದವರದು ೨.೯೬. ಲಾಟರಿ ಗೆದ್ದವನೂ ಕಾಲು ಕಳೆದುಕೊಂಡವನೂ ಸಮಾನ ಸುಖಿಗಳೆಂದು ಈ ಶೋಧನೆಯ ಹೆಸರಿನಲ್ಲಿ ಹೇಳಿಬಿಡುವ ವಾಡಿಕೆ ಹರಡಿದೆ. ಅಂಕಗಳು ಹಾಗೆ ಹೇಳುವುದಿಲ್ಲ. ನಷ್ಟವು ನಷ್ಟವೇ. ಆದರೂ ಆ ೨೯ ಮಂದಿಯ ಉತ್ತರವು ಅಳತೆಗೋಲಿನ ನಡುಗೆರೆಗಿಂತ ಮೇಲಿತ್ತೆಂಬುದೂ, ‘ಮುಂದೆ ಎಷ್ಟು ಸುಖಿಗಳಾಗಿರುವಿರಿ?’ ಎಂದಾಗ ಮೂರು ಗುಂಪಿನವರ ಉತ್ತರವೂ ಹೆಚ್ಚುಕಡಮೆ ಒಂದೇ ಆಗಿತ್ತೆಂಬುದೂ ಗಮನಾರ್ಹ. ಅದೂ ಅಪಘಾತವಾಗಿ ಒಂದು ವರ್ಷ ಕಳೆಯುವುದರೊಳಗೆ.

೧೯೯೯ರಲ್ಲಿ ಆಲ್‌ಬ್ರೆಕ್ಟ್ ಮತ್ತು ಡೆವ್ಲೀಗರ್ ಎಂಬವರು ೧೫೩ ಮಂದಿ ಅಂಗವಿಕಲರೊಡನೆ ಸಾವಕಾಶವಾಗಿ ಸಂಭಾಷಿಸಿ ಬರೆದ ಪ್ರಬಂಧವೊಂದುಂಟು. ವೈಕಲ್ಯವು ತೀವ್ರವಾಗಿದ್ದವರಲ್ಲಿಯೂ ಶೇಕಡಾ ೫೪.೩ ಮಂದಿ ತಮ್ಮ ಬಾಳು ಚೆನ್ನಾಗಿದೆ, ಅಥವಾ ಬಹು ಚೆನ್ನಾಗಿದೆ, ಎಂದರು. ನೋಡುವವರಿಗೆ ನರಕವೆಂದು ತೋರುವುದು ಬಾಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹಾಗೆ ತೋರಲಿಲ್ಲ. ಈ ಸೋಜಿಗಕ್ಕೆ ಅವರು ‘ವೈಕಲ್ಯದ ವಿರೋಧಾಭಾಸ’ವೆಂದು ಹೆಸರಿಟ್ಟರು. ಬಾಳು ಚೆನ್ನಾಗಿಲ್ಲವೆಂದವರು ಕೊಟ್ಟ ಕಾರಣಗಳನ್ನೂ ಕೇಳಬೇಕು: ಬಿಡದ ನೋವು, ಬಳಲಿಕೆ, ಮೈಯ ವ್ಯವಹಾರಗಳ ಮೇಲೆ ಹತೋಟಿಯಿಲ್ಲದಿರುವುದು. ಅಂಗವು ಇಲ್ಲವೆಂಬುದೊಂದೇ ದುಃಖದ ಮೂಲವಾಗಿದ್ದರೆ ಎಲ್ಲರೂ ಒಂದೇ ಉತ್ತರವನ್ನು ಕೊಡಬೇಕಾಗಿತ್ತು.

ಹಾಗೆಂದು ಇದರಿಂದ ಸುಲಭವಾದ ಸಿದ್ಧಾಂತವೊಂದನ್ನು ಕಟ್ಟಕೂಡದು. ಜರ್ಮನಿ ಮತ್ತು ಬ್ರಿಟನ್ ದೇಶಗಳ ಕುಟುಂಬಗಳನ್ನು ವರ್ಷವರ್ಷವೂ ವಿಚಾರಿಸಿ ಸಂಗ್ರಹಿಸಿದ ದಾಖಲೆಗಳನ್ನು ಲ್ಯೂಕಸ್ ಎಂಬ ಪಂಡಿತನು ಪರಿಶೀಲಿಸಿ ೨೦೦೭ರಲ್ಲಿ ಬೇರೊಂದು ಮಾತನ್ನು ಹೇಳಿದನು: ವೈಕಲ್ಯವು ಒದಗಿದಾಗ ಜನರ ತೃಪ್ತಿಯು ಇಳಿಯುತ್ತದೆ, ಸರಾಸರಿಯಲ್ಲಿ ಅದು ಮೊದಲಿನ ಮಟ್ಟಕ್ಕೆ ಪೂರ್ತಿಯಾಗಿ ಮರಳುವುದಿಲ್ಲ. ‘ಕಾಲವೇ ಎಲ್ಲವನ್ನೂ ಮರೆಸುತ್ತದೆ’ ಎಂದು ಕೈತೊಳೆದುಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ಹೀಗಿರಲು ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿಯಬೇಕಾಗುತ್ತದೆ. ನಷ್ಟವು ನಿಜ, ಆದರೆ ಹೊರಗಿನವನು ಕಲ್ಪಿಸುವ ಕತ್ತಲೆಯು ಆ ನಷ್ಟದ ಅಳತೆಯಲ್ಲ. ನಮ್ಮ ಕಲ್ಪನೆಯು ತಪ್ಪುವುದೇಕೆಂಬುದೂ ಕಷ್ಟವಾದ ಪ್ರಶ್ನೆಯಲ್ಲ. ಕಾಲು ಹೋದುದನ್ನು ನೆನೆಯುವಾಗ ನಾವು ಅದು ಹೋದ ಮೊದಲ ದಿನವನ್ನೇ ನೆನೆಯುತ್ತೇವೆ. ಆ ಮನುಷ್ಯನಾದರೋ ಅನಂತರದ ಸಾವಿರಾರು ದಿನಗಳನ್ನು ಬಾಳುತ್ತಾನೆ. ಆ ದಿನಗಳಲ್ಲಿ ಮಗಳ ಮದುವೆಯ ಚಿಂತೆಯಿದೆ, ಮಳೆ ಬಾರದ ಕಳವಳವಿದೆ, ನೆರೆಯವನೊಡನೆ ಬೇಲಿಯ ಜಗಳವಿದೆ, ಸಂಜೆಯ ಕಾಫಿಯ ರುಚಿಯಿದೆ. ದಿನದ ಇಪ್ಪತ್ತನಾಲ್ಕು ಗಂಟೆಯೂ ಅವನು ಕುಂಟನಾಗಿರುವ ಕೆಲಸವನ್ನೇ ಮಾಡುತ್ತಿರುತ್ತಾನೆಂದು ಭಾವಿಸುವವರು ನಾವು ಮಾತ್ರ.

೩

ಈ ಸೋಜಿಗಕ್ಕೆ ತತ್ತ್ವಜ್ಞಾನಿಗಳಲ್ಲಿ ಹಳೆಯದೊಂದು ಉತ್ತರವುಂಟು. ರೋಮನರ ಕಾಲದಲ್ಲಿ ಎಪಿಕ್ಟೀಟಸ್ ಎಂಬ ಸ್ಟೋಯಿಕ್ ಆಚಾರ್ಯನಿದ್ದನು. ಹುಟ್ಟಿನಿಂದ ದಾಸನು, ಕಾಲೂ ಊನವಾಗಿತ್ತು. ಕುಂಟತನವು ಕಾಲಿಗೆ ಅಡ್ಡಿಯೇ ಹೊರತು ಸಂಕಲ್ಪಕ್ಕೆ ಅಡ್ಡಿಯಲ್ಲವೆಂಬುದು ಅವನ ಬೋಧನೆಯ ಸಾರ. ಆತ್ಮವು ದೇಹವಲ್ಲವೆಂದು ಕೇಳುತ್ತ ಬೆಳೆದ ನಮ್ಮ ದೇಶದವರಿಗೆ ಇದು ಪರಿಚಿತವಾದ ಧ್ವನಿಯೇ. ಬಂಧನದಲ್ಲಿಯೂ ವೈಕಲ್ಯದಲ್ಲಿಯೂ ಬಾಳಿ ತೋರಿಸಿದವನ ಬಾಯಿಂದ ಬಂದುದರಿಂದ ಆ ಮಾತಿಗೆ ಗೌರವವಿದೆ. ಆದರೆ ಎರಡು ಕಾಲೂ ನೆಟ್ಟಗಿರುವವನು ಕಾಲಿಲ್ಲದವನಿಗೆ ಅದನ್ನೇ ಉಪದೇಶಿಸಿದರೆ ಅರ್ಥವು ಕೆಟ್ಟುಹೋಗುತ್ತದೆ. ‘ನಿನ್ನ ದುಃಖಕ್ಕೆ ನಿನ್ನ ಮನಸ್ಸಿನ ದೌರ್ಬಲ್ಯವೇ ಕಾರಣ’ ಎಂಬ ಆರೋಪವು ಅದರೊಳಗೆ ಅಡಗಿಕೊಳ್ಳುತ್ತದೆ. ಹಾಸಿಗೆಹುಣ್ಣಿನ ಉರಿಯಲ್ಲಿರುವವನಿಗೆ ವೇದಾಂತಕ್ಕಿಂತ ಮೊದಲು ಬೇಕಾದದ್ದು ಹುಣ್ಣನ್ನು ತೊಳೆದು ಮಗ್ಗುಲು ಬದಲಿಸುವ ಕೈ.

ನಮ್ಮ ಪುರಾಣಗಳಲ್ಲಿ ಈ ವಿಷಯಕ್ಕೆ ಅಷ್ಟಾವಕ್ರನಿಗಿಂತ ಒಳ್ಳೆಯ ನಿದರ್ಶನವಿಲ್ಲ. ಎಂಟು ಕಡೆ ಮೈ ಬಾಗಿದ್ದ ಆ ಬಾಲಕನು ಜನಕನ ಸಭೆಯನ್ನು ಪ್ರವೇಶಿಸಿದಾಗ ಪಂಡಿತರು ನಕ್ಕರೆಂದೂ, ‘ಇದು ಜ್ಞಾನಿಗಳ ಸಭೆಯೆಂದು ಬಂದೆನು, ಇಲ್ಲಿರುವವರು ಚರ್ಮವನ್ನು ನೋಡಿ ಬೆಲೆಕಟ್ಟುವವರು’ ಎಂಬ ಅರ್ಥದ ಮಾತಿನಿಂದ ಅವನು ಅವರನ್ನು ನಾಚಿಸಿದನೆಂದೂ ಕಥೆ ಪ್ರಚಲಿತವಾಗಿದೆ. ಈ ಭಾಗವನ್ನು ನಾವು ಮೆಚ್ಚಿ ಹೇಳುತ್ತೇವೆ. ಆದರೆ ಮಹಾಭಾರತದ ವನಪರ್ವದಲ್ಲಿ ಕಥೆಯು ಮುಗಿಯುವ ಬಗೆಯನ್ನು ನೋಡಿರಿ. ವಾದದಲ್ಲಿ ಬಂದಿಯನ್ನು ಗೆದ್ದು ತಂದೆಯನ್ನು ಬಿಡಿಸಿಕೊಂಡು ಬಂದ ಮಗನನ್ನು ತಂದೆಯು ಸಮಂಗಾ ನದಿಯಲ್ಲಿ ಮುಳುಗಿ ಬರಹೇಳುತ್ತಾನೆ; ಮುಳುಗಿ ಎದ್ದವನ ಅಂಗಗಳೆಲ್ಲ ನೆಟ್ಟಗಾಗುತ್ತವೆ. ಸಂತೋಷವೇ. ಆದರೂ ಒಂದು ಸಂದೇಹ ಉಳಿಯುತ್ತದೆ. ಮೈ ಬಾಗಿದ್ದಾಗಲೇ ಅಲ್ಲವೆ ಅವನು ಗೆದ್ದದ್ದು? ಗೆದ್ದವನನ್ನು ಬಾಗಿದ ಮೈಯಲ್ಲಿಯೇ ಮನೆಗೆ ಕಳುಹಿಸಲು ಕಥೆಗಾರನಿಗೂ ಮನಸ್ಸು ಬರಲಿಲ್ಲವೇಕೆ? ವಿಕಲವಾದ ದೇಹ, ಕೃತಾರ್ಥವಾದ ಬಾಳು — ಇವೆರಡನ್ನೂ ಒಂದೇ ಚಿತ್ರದಲ್ಲಿ ಕಾಣುವುದು ಮನುಷ್ಯನ ಕಣ್ಣಿಗೆ ಅಷ್ಟು ಕಷ್ಟ. ನಮ್ಮ ಚಲನಚಿತ್ರಗಳಲ್ಲಿ ಕುಂಟನು ಕಡೆಯ ಅಂಕದಲ್ಲಿ ಎದ್ದು ನಡೆಯುವುದೂ ಇದೇ ಕಷ್ಟದ ಫಲ.

ಸಮಂಗಾ ನದಿಯು ಎಲ್ಲರ ಊರಿನಲ್ಲಿಯೂ ಹರಿಯುವುದಿಲ್ಲ. ನೆಟ್ಟಗಾಗದೆ ಉಳಿಯುವ ಅಂಗಗಳೊಡನೆ ಬಾಳಬೇಕಾದವರ ವಿಷಯವೇ ನಮ್ಮ ವಿಷಯ.

೪

ಅಂಥ ಬಾಳಿಗೆ ನೆರವಾಗುವ ವಿದ್ಯೆಗೆ ನಾವು ‘ಪುನರ್ವಸತಿ’ ಎನ್ನುತ್ತೇವೆ. ಕಟ್ಟೆಯ ನೀರಿನಲ್ಲಿ ಊರು ಮುಳುಗಿ ನೆಲೆತಪ್ಪಿದವರಿಗೆ ಬೇರೆಡೆ ಮನೆಕಟ್ಟಿ ಕೊಡುವುದಕ್ಕೂ ಇದೇ ಹೆಸರು. ಈ ಸಾಮ್ಯವು ಆಕಸ್ಮಿಕವಾದರೂ ಅರ್ಥವತ್ತಾಗಿದೆ. ಬೆನ್ನೆಲುಬು ಮುರಿದವನು ತನ್ನ ಮೈಯೆಂಬ ಮನೆಯಿಂದಲೇ ನೆಲೆತಪ್ಪಿದವನು. ಆ ಮೈಯಲ್ಲಿ, ಆ ಮನೆಯಲ್ಲಿ, ಆ ಊರಿನಲ್ಲಿ ಅವನು ಮತ್ತೊಮ್ಮೆ ವಾಸಮಾಡುವುದನ್ನು ಕಲಿಯಬೇಕು, ಕಲಿಯಲು ಬಿಡಬೇಕು.

ಎರಡನೆಯ ಮಹಾಯುದ್ಧದ ವರೆಗೆ ಬೆನ್ನುಹುರಿಗೆ ಪೆಟ್ಟು ತಗುಲಿದವರಲ್ಲಿ ಬಹುಮಂದಿ ಬೇಗನೆ ತೀರಿಕೊಳ್ಳುತ್ತಿದ್ದರು. ಅವರನ್ನು ಕೊಲ್ಲುತ್ತಿದ್ದದ್ದು ಮುರಿದ ಮೂಳೆಯಲ್ಲ. ಹಾಸಿಗೆಹುಣ್ಣು ಮತ್ತು ಮೂತ್ರಕೋಶದ ನಂಜು. ನಾತ್ಸಿ ಜರ್ಮನಿಯಿಂದ ತಪ್ಪಿಸಿಕೊಂಡು ೧೯೩೯ರಲ್ಲಿ ಇಂಗ್ಲೆಂಡಿಗೆ ಬಂದ ಲುಡ್ವಿಗ್ ಗುಟ್‌ಮನ್ ಎಂಬ ಯೆಹೂದಿ ವೈದ್ಯನಿಗೆ ೧೯೪೪ರಲ್ಲಿ ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ ಇಂಥ ಗಾಯಾಳು ಸೈನಿಕರ ವಿಭಾಗವನ್ನು ವಹಿಸಿದರು. ಅವನ ಮೊದಲ ಚಿಕಿತ್ಸೆಯು ಯಾವ ಅದ್ಭುತವಾದ ಔಷಧವೂ ಅಲ್ಲ: ಪ್ರತಿಯೊಬ್ಬ ರೋಗಿಯನ್ನೂ ಹಗಲಿರುಳು ಎರಡೆರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ರೋಗಿಗಳು ಬದುಕಿಕೊಂಡರು. ಬದುಕಿದ ಮೇಲೆ ಏನು? ಮರಗೆಲಸ, ಗಡಿಯಾರದ ರಿಪೇರಿ ಮೊದಲಾದ ಕೆಲಸಗಳನ್ನು ಕಲಿಸಿದನು; ಆಟಕ್ಕೂ ಎಳೆದನು. ೧೯೪೮ರ ಜುಲೈ ೨೯ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ೧೬ ಮಂದಿ ಬಿಲ್ಲುವಿದ್ಯೆಯ ಪಂದ್ಯವಾಡಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಬೀಜ ಅದೇ. ೨೦೧೨ರಲ್ಲಿ ಅದೇ ಲಂಡನ್ನಿನಲ್ಲಿ ನಮ್ಮ ಹಾಸನ ಜಿಲ್ಲೆಯ ಗಿರೀಶ ನಾಗರಾಜೇಗೌಡರು ಎತ್ತರ ಜಿಗಿತದಲ್ಲಿ ಬೆಳ್ಳಿಯ ಪದಕವನ್ನು ಪಡೆದದ್ದು ಆ ಬೀಜದ ಒಂದು ಫಲ.

ಪದಕಗಳ ಮಾತು ಹೆಚ್ಚಾದರೆ ಒಂದು ಅಪಾಯವುಂಟು. ಪದಕ ಗೆಲ್ಲದ ಅಂಗವಿಕಲನು ಸೋಮಾರಿಯೆಂಬ ಭಾವನೆ ಬೆಳೆದೀತು. ಗುಟ್‌ಮನ್ನನ ನಿಜವಾದ ಉಪಕಾರವು ಬೇರೆ ಕಡೆಯಿದೆ. ತನ್ನ ರೋಗಿಗಳನ್ನು ಅವನು ಸಾಯಲಿರುವವರೆಂದು ನೋಡದೆ ಬೆಳಗ್ಗೆ ಎದ್ದು ಮಾಡಬೇಕಾದ ಕೆಲಸವುಳ್ಳವರೆಂದು ನೋಡಿದನು.

ಇದನ್ನೇ ಇನ್ನೂ ಹತ್ತಿರದಲ್ಲಿ, ನಮ್ಮ ಕೋಲಾರದ ಗಡಿಯಾಚೆಯ ವೆಲ್ಲೂರಿನಲ್ಲಿ, ಕಾಣಬಹುದು. ಮೇರಿ ವರ್ಗೀಸ್ ಎಂಬ ತರುಣ ವೈದ್ಯೆ ೧೯೫೪ರಲ್ಲಿ ವಾಹನದ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡು ಕಾಲುಗಳ ಸ್ವಾಧೀನವನ್ನೂ ಕಳೆದುಕೊಂಡರು. ನಿಂತು ಮಾಡುವ ಶಸ್ತ್ರವೈದ್ಯವೇ ಜೀವನವೆಂದುಕೊಂಡಿದ್ದವರು. ಕುಷ್ಠರೋಗಿಗಳ ಮಡಚಿಕೊಂಡ ಕೈಗಳನ್ನು ಸರಿಪಡಿಸುವ ಶಸ್ತ್ರಕ್ರಿಯೆಯನ್ನು ಕುಳಿತುಕೊಂಡೇ ಮಾಡಬಹುದೆಂದು ಡಾಕ್ಟರ್ ಪಾಲ್ ಬ್ರಾಂಡ್ ಅವರು ಸೂಚಿಸಿದರು. ಆಕೆ ಗಾಲಿಕುರ್ಚಿಯಲ್ಲಿಯೇ ಕುಳಿತು ಆ ಕೈಗಳನ್ನು ನೆಟ್ಟಗೆ ಮಾಡಿದರು. ಅಮೆರಿಕದಲ್ಲಿ ಪುನರ್ವಸತಿವೈದ್ಯವನ್ನು ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಬೆಳೆಸಿದರು. ೧೯೬೬ರಲ್ಲಿ ಅಲ್ಲಿ ಪುನರ್ವಸತಿಕೇಂದ್ರವು ತೆರೆಯಿತು. ೧೯೭೨ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಇಲ್ಲಿ ಆಕೆಯ ಧೈರ್ಯವನ್ನು ಹೊಗಳುವುದು ಸುಲಭ. ಆದರೆ ಬ್ರಾಂಡರ ಪ್ರಶ್ನೆಯನ್ನೂ ಗಮನಿಸಬೇಕು. ‘ಈಕೆ ಏನನ್ನು ಕಳೆದುಕೊಂಡಳು?’ ಎಂದು ಕೇಳುವವರು ನೂರು ಮಂದಿಯಿದ್ದರು. ‘ಈಕೆಯ ಕೈಗಳು ಚೆನ್ನಾಗಿವೆಯಲ್ಲ, ಕುಳಿತು ಮಾಡುವ ಕೆಲಸ ಯಾವುದಿದೆ?’ ಎಂದು ಕೇಳಲು ಒಬ್ಬರು ಬೇಕಾದರು. ಧೈರ್ಯಕ್ಕೆ ಕಾಲೂರಲು ಅಷ್ಟು ನೆಲವಾದರೂ ಬೇಕು.

ನೆಲದ ಮಾತು ಬಂದುದರಿಂದ ಜಯಪುರದ ಕಾಲನ್ನು ನೆನೆಯಬೇಕು. ಪಾಶ್ಚಾತ್ಯರ ಕೃತಕಪಾದಗಳು ಬೂಟಿನೊಳಗೆ ಹೊಗುವುದಕ್ಕಾಗಿ ಮಾಡಿದವು. ಅವನ್ನು ತೊಟ್ಟವನು ಚಕ್ಕಲಮಕ್ಕಲ ಹಾಕಿ ಊಟಕ್ಕೆ ಕುಳಿತುಕೊಳ್ಳಲಾರನು, ಕುಕ್ಕರಗಾಲಿನಲ್ಲಿ ಕೂರಲಾರನು, ಬರಿಗಾಲಿನಲ್ಲಿ ಕೆಸರುಗದ್ದೆಗೆ ಇಳಿಯಲಾರನು. ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಡಾಕ್ಟರ್ ಪಿ. ಕೆ. ಸೇಠಿಯವರೂ ಸೇರಿ ೧೯೬೮ರಲ್ಲಿ ರಬ್ಬರು ಮತ್ತು ಮರಗಳಿಂದ ಮಾಡಿದ ಪಾದವು ಇವೆಲ್ಲಕ್ಕೂ ಒದಗಿತು. ಮೇಲುನೋಟಕ್ಕೆ ಇದು ಯಂತ್ರಶಿಲ್ಪದ ವಿಷಯ. ವಾಸ್ತವವಾಗಿ ಇದು ಮಾನದ ವಿಷಯವೂ ಹೌದು. ಪಂಕ್ತಿಯಲ್ಲಿ ಎಲ್ಲರೊಡನೆ ನೆಲದ ಮೇಲೆ ಕುಳಿತು ಉಣ್ಣುವುದಕ್ಕೂ, ಮೂಲೆಯಲ್ಲಿ ಕುರ್ಚಿಯ ಮೇಲೆ ಒಬ್ಬನೇ ಉಣ್ಣುವುದಕ್ಕೂ ಇರುವ ವ್ಯತ್ಯಾಸವನ್ನು ಅಂಥ ಕುರ್ಚಿಯಲ್ಲಿ ಕುಳಿತವನು ಬಲ್ಲನು.

ಇಷ್ಟನ್ನು ನೋಡಿದ ಮೇಲೆ ಮೊದಲ ಪ್ರಶ್ನೆಗೆ ಉತ್ತರವನ್ನು ಹೇಳಬಹುದೆಂದು ತೋರುತ್ತದೆ. ನೋವು ಹದ್ದಿನಲ್ಲಿರುವುದು, ದೇಹದ ಶೌಚವ್ಯವಹಾರಗಳು ಮರ್ಯಾದೆಯಿಂದ ಸಾಗುವುದು, ಇತರರಿಗೆ ಬೇಕಾದ ಒಂದು ಕೆಲಸವು ಕೈಯಲ್ಲಿರುವುದು, ನಾಲ್ವರ ನಡುವೆ ತನ್ನ ಮಾತಿಗೆ ಸ್ಥಾನವಿರುವುದು — ಇವುಗಳ ಮೇಲೆ ಅಂಗವಿಕಲನ ನೆಮ್ಮದಿಯು ನಿಂತಿದೆ. ಈ ಪಟ್ಟಿಯನ್ನು ಮತ್ತೊಮ್ಮೆ ಓದಿದರೆ, ಅಂಗವಿಕಲನೆಂಬ ಶಬ್ದವನ್ನು ತೆಗೆದು ಮನುಷ್ಯನೆಂಬ ಶಬ್ದವನ್ನು ಹಾಕಿದರೂ ಸರಿಹೋಗುವುದು ವಾಚಕರಿಗೆ ಕಂಡುಬರುತ್ತದೆ. ಎರಡನೆಯ ಪ್ರಶ್ನೆಗೂ ಇದರಲ್ಲಿಯೇ ಉತ್ತರವಿದೆ. ಇವುಗಳಲ್ಲಿ ತನಗೆ ಎಷ್ಟು ದೊರೆತಿದೆ ಎಂಬುದನ್ನು ಬಲ್ಲವನು ಆ ಬಾಳನ್ನು ಬಾಳುವವನೇ. ಅಂಗಳದಲ್ಲಿ ನಿಂತು ನೋಡಿ ಹೋಗುವವನಲ್ಲ.

೫

ಮೂರನೆಯ ಪ್ರಶ್ನೆಯು ಎಲ್ಲಕ್ಕಿಂತ ತೊಡಕಿನದು. ಅಂಗವಿಕಲರು ತಮ್ಮ ಬಾಳಿನಲ್ಲಿ ತೃಪ್ತಿಯನ್ನು ಕಾಣಬಲ್ಲರೆಂದು ಒಪ್ಪಿದ ಕೂಡಲೆ, ‘ಹಾಗಾದರೆ ಅವರಿಗಾಗಿ ವ್ಯಯಮಾಡುವುದೇಕೆ? ಇದ್ದುದರಲ್ಲಿಯೇ ಸುಖವಾಗಿದ್ದಾರಲ್ಲ!’ ಎಂಬ ಆಕ್ಷೇಪವು ತಲೆಯೆತ್ತುತ್ತದೆ. ಬಾಯಿಬಿಟ್ಟು ಹೀಗೆ ಹೇಳುವವರು ಅಪರೂಪ. ಹೀಗೆ ನಡೆದುಕೊಳ್ಳುವವರು ಬಹಳ.

ಈ ಆಕ್ಷೇಪಕ್ಕೆ ಅಮರ್ತ್ಯ ಸೇನರ ವಿಚಾರಗಳಲ್ಲಿ ಸಮರ್ಪಕವಾದ ಉತ್ತರವುಂಟು. ೧೯೭೯ರಲ್ಲಿ ಸಮಾನತೆಯನ್ನು ಕುರಿತು ಕೊಟ್ಟ ಉಪನ್ಯಾಸದಲ್ಲಿ ಅವರು ಅಂಗವಿಕಲನ ನಿದರ್ಶನವನ್ನೇ ಎತ್ತಿಕೊಂಡರು. ಒಂದು ರೂಪಾಯಿಯಿಂದ ಹೆಚ್ಚು ಸುಖವನ್ನು ಪಡೆಯುವವನಿಗೇ ಆ ರೂಪಾಯಿಯನ್ನು ಕೊಡಬೇಕೆಂಬ ಲೆಕ್ಕಾಚಾರದಲ್ಲಿ, ಅಂಗವಿಕಲನಿಗೆ ಅದರಿಂದ ಸಿಕ್ಕುವ ಸುಖವು ಕಡಮೆಯಾದ ಕಾರಣ, ಅವನ ಪಾಲೂ ಕಡಮೆಯಾಗಿಬಿಡುತ್ತದೆ. ನ್ಯಾಯವು ತಲೆಕೆಳಗಾಗುತ್ತದೆ. ಇನ್ನೊಂದೆಡೆ, ಬಹುಕಾಲ ಕೊರತೆಯಲ್ಲಿ ಬಾಳಿದವನು ತನ್ನ ಆಸೆಗಳನ್ನೇ ಕುಗ್ಗಿಸಿಕೊಂಡು ತೃಪ್ತನಾಗಿರುತ್ತಾನೆಂದೂ, ಆ ತೃಪ್ತಿಯನ್ನು ಅವನಿಗೆ ಎಲ್ಲವೂ ದೊರೆತಿದೆಯೆಂಬುದಕ್ಕೆ ಸಾಕ್ಷಿಯಾಗಿ ಹಿಡಿಯಕೂಡದೆಂದೂ ಅವರು ಎಚ್ಚರಿಸಿದ್ದಾರೆ. ಮನುಷ್ಯನು ಎಷ್ಟು ಸುಖವಾಗಿದ್ದಾನೆ ಎಂಬುದರೊಡನೆ, ಅವನು ಏನೇನನ್ನು ಮಾಡಬಲ್ಲನು, ಎಲ್ಲೆಲ್ಲಿಗೆ ಹೋಗಬಲ್ಲನು ಎಂಬುದನ್ನೂ ಕೇಳಬೇಕು.

ಒಂದು ದೃಷ್ಟಾಂತವನ್ನು ಕೊಡೋಣ. ಗಾಲಿಕುರ್ಚಿಯ ಹುಡುಗಿಯೊಬ್ಬಳು ಶಾಲೆಯ ಐದು ಮೆಟ್ಟಿಲುಗಳನ್ನು ಏರಲಾರದೆ ಮನೆಯಲ್ಲಿಯೇ ಉಳಿಯುತ್ತಾಳೆ. ಮನೆಯಲ್ಲಿ ಹೂಕಟ್ಟುತ್ತ, ತಮ್ಮನನ್ನು ಆಡಿಸುತ್ತ ನಗುನಗುತ್ತಲೇ ಇರುತ್ತಾಳೆ. ಆ ನಗುವು ಸುಳ್ಳಲ್ಲ. ಅದು ಅವಳ ಗುಣ. ಅದರಿಂದ ಮೆಟ್ಟಿಲಿನ ಅಪರಾಧವು ಕರಗುವುದೂ ಇಲ್ಲ. ಅವಳ ಸಹನೆಯನ್ನು ನಾವು ನಮ್ಮ ಜಮೆಗೆ ಬರೆದುಕೊಳ್ಳುವಂತಿಲ್ಲ.

ನಮ್ಮ ದೇಶದ ಶಾಸನವೂ ಈಗ ಇದೇ ಮಾತನ್ನು ಹೇಳುತ್ತದೆ. ೨೦೧೧ರ ಜನಗಣತಿಯಲ್ಲಿ ಭಾರತದಲ್ಲಿ ೨.೬೮ ಕೋಟಿ, ಕರ್ನಾಟಕದಲ್ಲಿ ೧೩.೨೪ ಲಕ್ಷ ಜನರು ಒಂದಲ್ಲ ಒಂದು ಬಗೆಯ ವೈಕಲ್ಯವುಳ್ಳವರೆಂದು ಎಣಿಕೆಯಾಯಿತು. ೨೦೧೬ರ ಅಧಿನಿಯಮವು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ಇವರಿಗೆ ಸಲ್ಲುವುದು ದಾನವಲ್ಲ, ಹಕ್ಕು ಎಂಬ ನೆಲೆಯಲ್ಲಿ ರಚಿತವಾಗಿದೆ. ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷಗಳೊಳಗೆ ಇವರ ಪ್ರವೇಶಕ್ಕೆ ತಕ್ಕಂತೆ ಮಾಡಬೇಕೆಂಬುದು ಅದರ ಒಂದು ವಿಧಿ. ನಿಯಮಗಳು ೨೦೧೭ರಲ್ಲಿ ಹೊರಟವು. ಆ ಗಡುವು ಕಳೆದಿದೆ. ಮೆಟ್ಟಿಲುಗಳು ಎಷ್ಟು ಉಳಿದಿವೆಯೆಂಬುದನ್ನು ವಾಚಕರು ತಮ್ಮ ತಮ್ಮ ಊರಿನ ಕಚೇರಿ, ಶಾಲೆ, ವಾಚನಾಲಯಗಳ ಮುಂದೆ ನಿಂತು ತಾವೇ ಎಣಿಸಬಹುದು. ನಮ್ಮಂಥ ಸಾಹಿತ್ಯಸಂಘಗಳ ಸಭಾಭವನಗಳನ್ನೂ ಈ ಎಣಿಕೆಯಿಂದ ಬಿಡತಕ್ಕದ್ದಲ್ಲ.

ಮೆಟ್ಟಿಲನ್ನು ತೆಗೆಯುವುದಕ್ಕಿಂತ ಹೆಸರನ್ನು ಬದಲಿಸುವುದು ಸುಲಭ. ಕುಂಟ, ಹೆಳವ ಎಂಬ ಹಳೆಯ ಮಾತುಗಳು ಒರಟೆಂದು ಬಿಟ್ಟು ಅಂಗವಿಕಲ ಎಂದೆವು. ಅದೂ ಸಾಲದೆಂದು ವಿಕಲಚೇತನ ಎಂದೆವು. ಸದುದ್ದೇಶದಿಂದಲೇ ಹುಟ್ಟಿದ ಈ ಮಾತನ್ನು ಬಿಡಿಸಿ ನೋಡಿದರೆ, ಅಂಗದಲ್ಲಿದ್ದ ಊನವನ್ನು ಎತ್ತಿ ಚೇತನಕ್ಕೇ ಅಂಟಿಸಿದಂತಾಯಿತು! ಕಾಲು ಊನವಾದವನಿಗೆ ಚೇತನವೂ ಊನವೆಂದು ಸಾರುವುದು ಯಾವ ಮರ್ಯಾದೆ? ಅನಂತರ ವಿಶೇಷಚೇತನ ಎಂಬುದು ಬಂದಿತು. ಅದು ವಿಶೇಷವೆಂದು ಹೊಗಳಿ ಪಂಕ್ತಿಯಿಂದ ಹೊರಗೆ ಕೂರಿಸುತ್ತದೆ. ಕಣ್ಣು ಬದಲಾಗದೆ ಮಾತು ಬದಲಾದರೆ ಹೊಸ ಮಾತೂ ಬೇಗನೆ ಹಳೆಯದರ ರುಚಿಯನ್ನೇ ಪಡೆಯುತ್ತದೆ.

೬

ಉಳಿದಿರುವುದು ಪರಾಧೀನತೆಯ ವಿಷಯ. ಪ್ರಾಣವನ್ನು ಬಿಟ್ಟರೂ ಇನ್ನೊಬ್ಬರ ಕೈ ನೋಡುವ ಬಾಳು ಬೇಡವೆಂಬುದು ನಮ್ಮಲ್ಲಿ ದೊಡ್ಡ ಅಭಿಮಾನದ ಮಾತು. ಈ ಅಭಿಮಾನವೇ ಅನೇಕ ಅಂಗವಿಕಲರನ್ನು ಒಳಗೊಳಗೇ ಕೊರೆಯುವ ಹುಳು. ಆದರೆ ಇನ್ನೊಬ್ಬರ ಕೈಯನ್ನು ನೋಡದವನು ಯಾರು? ಎತ್ತಿ ಆಡಿಸಿದ ಕೈಗಳಿಂದ ಆರಂಭವಾಗಿ ಹೊತ್ತು ಒಯ್ಯುವ ಹೆಗಲುಗಳ ವರೆಗೆ ಬಾಳೆಲ್ಲವೂ ಪರರ ಕೈಗಳಲ್ಲಿಯೇ ಸಾಗುತ್ತದೆ. ಸಾಂಖ್ಯರು ಪುರುಷಪ್ರಕೃತಿಗಳ ಸಂಬಂಧವನ್ನು ಹೇಳಲು ಆರಿಸಿಕೊಂಡ ದೃಷ್ಟಾಂತವು ಕುಂಟ ಮತ್ತು ಕುರುಡರದು. ಕುಂಟನು ಕುರುಡನ ಹೆಗಲನ್ನೇರಿ ದಾರಿಯನ್ನು ಹೇಳುತ್ತಾನೆ, ಕುರುಡನು ನಡೆಯುತ್ತಾನೆ. ಅವರಲ್ಲಿ ಉಪಕಾರಿ ಯಾರು, ಉಪಕೃತನು ಯಾರು ಎಂದು ಹೇಳುವುದು ಸಾಧ್ಯವಿಲ್ಲ. ಪರಾಧೀನತೆಯು ಅಪಮಾನವಾಗುವುದು ಕೊಡುಕೊಳ್ಳುವ ಈ ಸರದಿಯು ನಿಂತು, ಒಬ್ಬನು ಬರಿಯ ಪಡೆಯುವವನಾಗಿ ಉಳಿದಾಗ.

ನಮ್ಮ ನಾಡಿನಲ್ಲಿ ಹೆಳವರೆಂಬ ಅಲೆಮಾರಿ ಜನರುಂಟು. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಹೇಳಿ, ಕಾಳುಕಡಿಯನ್ನು ಪಡೆಯುವುದು ಅವರ ಪರಂಪರೆಯ ವೃತ್ತಿ. ತಮ್ಮ ಮೂಲಪುರುಷನು ಕುಂಟನಾಗಿದ್ದನೆಂದು ಅವರಲ್ಲಿ ಐತಿಹ್ಯವಿದೆ. ಐತಿಹ್ಯದ ಸತ್ಯಾಸತ್ಯತೆ ಹೇಗೇ ಇರಲಿ, ಅದರ ಇಂಗಿತವು ಸ್ಪಷ್ಟವಾಗಿದೆ. ನಡೆಯಲಾರದವನಿಗೆ ಊರವರು ನೆನಪಿನ ಕೆಲಸವನ್ನು ವಹಿಸಿದರು; ಅಜ್ಜನ ಅಜ್ಜನ ಹೆಸರು ಬೇಕಾದಾಗ ನಡೆಯಬಲ್ಲವರೆಲ್ಲ ಅವನ ಬಾಯನ್ನು ನೋಡಬೇಕಾಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಕಣ್ಣಿಲ್ಲದ ಬಾಲಕರಿಗೆ ಸಂಗೀತವನ್ನು ಕಲಿಸಿ ನಾಡಿಗೆ ಗವಾಯಿಗಳನ್ನು ಕೊಟ್ಟದ್ದರಲ್ಲಿಯೂ ಇದೇ ತತ್ತ್ವವಿದೆ. ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅವರ ಮುಂದೆ ಕುಳಿತು ಕಲಿತವರು ಪಡೆದದ್ದೇ ಹೆಚ್ಚು.

ಇನ್ನು ಆ ಕೊನೆಗಾರನ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಮೊದಲ ಎರಡು ವರ್ಷ ಅವನು ಬಹಳ ನವೆದನೆಂದೂ, ಹೆಂಡತಿಯು ಹಗಲು ಕೂಲಿಗೆ ಹೋಗಿ ರಾತ್ರಿ ಎದ್ದೆದ್ದು ಅವನ ಮಗ್ಗುಲು ಬದಲಿಸುತ್ತಿದ್ದಳೆಂದೂ ಆಮೇಲೆ ತಿಳಿಯಿತು. ಅಂಥವಳ ನೆಮ್ಮದಿಯನ್ನು ಅಳೆದವರು ಯಾರೂ ಇಲ್ಲ. ಎಲ್ಲರೂ ರೋಗಿಯನ್ನು ನೋಡಲು ಬಂದವರು. ಬಳಿಕ ಅವನು ಕೆಲವು ವಾರ ಪುನರ್ವಸತಿಕೇಂದ್ರವೊಂದರಲ್ಲಿದ್ದು, ತೋಳಿನ ಬಲದಿಂದ ಮಂಚದಿಂದ ಕುರ್ಚಿಗೆ ದಾಟುವುದನ್ನೂ ತನ್ನ ಶೌಚವನ್ನು ತಾನೇ ನಡೆಸಿಕೊಳ್ಳುವುದನ್ನೂ ಕಲಿತು ಬಂದನು. ಜಗಲಿಯಿಂದ ಅಂಗಳಕ್ಕೆ ಹಲಗೆಯ ಇಳಿಜಾರಾಯಿತು. ಊರ ಹುಡುಗರು ಕೊನೆ ಕೊಯ್ಯುವ ವಿದ್ಯೆಯನ್ನು ಕಲಿಯಲು ಅವನ ಬ��ಿಗೆ ಹೋಗತೊಡಗಿದರು. ಅವನು ಕೆಳಗೆ ಕುಳಿತು, ಮೇಲಿದ್ದವರಿಗೆ ಎಲ್ಲಿ ಹಗ್ಗ ಬಿಗಿಯಬೇಕು, ಯಾವ ಮರವನ್ನು ನಂಬಕೂಡದು ಎಂದು ಕೂಗಿ ಹೇಳುತ್ತಿದ್ದನು.

ಹನ್ನೊಂದನೆಯ ವರ್ಷ ನಮ್ಮ ತೋಟಕ್ಕೆ ಕೊಳೆ ಹತ್ತಿತು. ಸಲಹೆಗಾಗಿ ನಾನೂ ಅವನ ಬಳಿಗೆ ಹೋದೆನು. ಉದುರಿದ ಕಾಯಿಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡುತ್ತಿದ್ದವನು ತಲೆಯೆತ್ತದೆಯೇ ಹೇಳಿದನು: ‘ಅಂದು ನೀವು ಅಂಗಳದಲ್ಲಿ ಆಡಿದ ಮಾತು ನನಗೆ ಕೇಳಿಸಿತ್ತು. ಸಿಟ್ಟಿಲ್ಲ. ಅಂದು ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ನನಗೆ ಹಾಗೆ ಅನ್ನಿಸುವುದು ಯಾವಾಗಲೋ ನಿಂತುಹೋಯಿತು. ನೀವು ಆಮೇಲೆ ಇತ್ತ ಬರಲೇ ಇಲ್ಲವಲ್ಲ, ನಿಮಗೆ ಅದು ಗೊತ್ತಾಗುವುದು ಹೇಗೆ?’

ನನ್ನಲ್ಲಿ ಉತ್ತರವಿರಲಿಲ್ಲ. ಅವನು ಅದನ್ನು ನಿರೀಕ್ಷಿಸಿದಂತೆಯೂ ಕಾಣಲಿಲ್ಲ. ಮೈಲುತುತ್ತಕ್ಕೆ ಸುಣ್ಣವನ್ನು ಎಷ್ಟು ಬೆರೆಸಿದ್ದಿರಿ, ಮಳೆ ಬಿಟ್ಟ ಎಷ್ಟನೆಯ ದಿನ ಹೊಡೆಸಿದಿರಿ ಎಂದು ವಿಚಾರಿಸತೊಡಗಿದನು. ನಾನು ಜಗಲಿಯ ಮೇಲೆ ಕುಳಿತು, ಕೇಳಿದುದಕ್ಕೆಲ್ಲ ಉತ್ತರ ಹೇಳಿದೆನು.